ಎತ್ತಿದ ಕೈ ಇಳಿಸುವುದು ಹೇಗೆ: ಹೊಡೆತ ಬಿಡಲು ಹೊರಟ ಅಪ್ಪ ಅಮ್ಮಂದಿರಿಗೆ

"ಇನ್ನು ಮೇಲೆ ಮಗುವಿನ ಮೇಲೆ ಕೈ ಮಾಡುವುದಿಲ್ಲ" ಎಂದು ರಾತ್ರಿ, ಮಲಗಿದ ಮಗುವಿನ ಮುಖ ನೋಡುತ್ತಾ ತೀರ್ಮಾನಿಸಿದ ಅಪ್ಪ ಅಮ್ಮಂದಿರು ಬಹಳ. ಮರುದಿನ ಬೆಳಿಗ್ಗೆ ಶೂ ಸಿಗುವುದಿಲ್ಲ, ಹಾಲು ಚೆಲ್ಲುತ್ತದೆ, ಹೊತ್ತಾಗುತ್ತದೆ, ಅದೇ ಕೈ ಮತ್ತೆ ಏಳುತ್ತದೆ. ಕೋಪ ನೆತ್ತಿಗೇರಿದ ಮೇಲೆ ಮನುಷ್ಯ ಯೋಚಿಸಿ ಏನನ್ನೂ ಮಾಡಲಾರ, ರೂಢಿಯಾದದ್ದನ್ನಷ್ಟೇ ಮಾಡುತ್ತಾನೆ. ಹಾಗಾಗಿ ಹೊಡೆತ ಬಿಡುವ ಕೆಲಸವನ್ನು ಕೋಪ ಇಲ್ಲದ ಹೊತ್ತಿನಲ್ಲಿ ಶುರು ಮಾಡಬೇಕು. ಕೈ ಏಳುವ ಗಳಿಗೆ ಯಾವುದೆಂದು ಮೊದಲೇ ತಿಳಿದುಕೊಳ್ಳಬೇಕು, ಆ ಗಳಿಗೆಯಲ್ಲಿ ಕೈಗೆ ಬೇರೆ ಕೆಲಸ ಕೊಡಬೇಕು, ದಿನಚರಿಯಲ್ಲಿ ಒಂದೆರಡು ಏರ್ಪಾಡು ಬದಲಿಸಬೇಕು.

ಪೆಟ್ಟು ಕೆಲಸ ಮಾಡಿದಂತೆ ಕಾಣುವುದೇಕೆ

ಒಂದು ಏಟು ಕೊಟ್ಟ ತಕ್ಷಣ ಮಗು ಸುಮ್ಮನಾಗುತ್ತದೆ. ಅದು ನಿಜ, ಮೋಸ ಇರುವುದೂ ಅಲ್ಲೇ. ಗಲಾಟೆ ಥಟ್ಟನೆ ನಿಂತಾಗ ದೊಡ್ಡವರಿಗೆ ಸಿಗುವ ನಿರಾಳವೇ ಅವರಿಗೆ ಬಹುಮಾನ. ಮುಂದಿನ ಸಲ ಕೈ ಇನ್ನೂ ಬೇಗ ಏಳುತ್ತದೆ. ಮಗು ಪೆಟ್ಟಿಗೆ ಒಗ್ಗಿಕೊಳ್ಳುತ್ತದೆ, ಹಾಗಾಗಿ ಅಷ್ಟೇ ಪರಿಣಾಮಕ್ಕೆ ಏಟು ಜೋರಾಗಬೇಕಾಗುತ್ತದೆ. ಕೈಯಿಂದ ಶುರುವಾದದ್ದು ಕೋಲಿಗೆ, ಬೆಲ್ಟಿಗೆ ಹೋಗುವುದು ಈ ದಾರಿಯಲ್ಲೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಅವರ ತಂಡ ಮನೆಗಳಿಗೇ ಹೋಗಿ ಅಪ್ಪ ಅಮ್ಮ ಮಕ್ಕಳ ಜಟಾಪಟಿಯನ್ನು ನೋಡಿ ಬರೆದುಕೊಂಡು ಇಂಥ ಸುಳಿಯನ್ನು ಗುರುತಿಸಿದರು. ಮಗು ಕಿರುಚಿ ಗೆಲ್ಲಲು ಕಲಿಯುತ್ತದೆ, ದೊಡ್ಡವರು ಅದಕ್ಕಿಂತ ಜೋರಾಗಿ ಗೆಲ್ಲಲು ಕಲಿಯುತ್ತಾರೆ, ಇಬ್ಬರೂ ಒಬ್ಬರಿಗೊಬ್ಬರು ಅದನ್ನೇ ಕಲಿಸುತ್ತಾ ಹೋಗುತ್ತಾರೆ.

ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಸುಮಾರು 1,60,000 ಮಕ್ಕಳ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದರು. ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಗಾಯವಾಗುವ ಹೊಡೆತವನ್ನಲ್ಲ, ಬರೀ ಅಂಗೈಯಿಂದ ಕುಂಡೆಗೆ, ಕೈಕಾಲಿಗೆ ಕೊಡುವ "ಸಣ್ಣ ಪೆಟ್ಟ"ನ್ನು. ಸಿಕ್ಕ ಸ್ಪಷ್ಟ ನಂಟುಗಳೆಲ್ಲ ಕೆಡುಕಿನ ಕಡೆಗೇ ಇದ್ದವು: ಹೆಚ್ಚು ಆಕ್ರಮಣಶೀಲತೆ, ಹೆಚ್ಚು ಮಾನಸಿಕ ತೊಂದರೆ, ಅಪ್ಪ ಅಮ್ಮನೊಂದಿಗೆ ಹದಗೆಟ್ಟ ಸಂಬಂಧ. ಸ್ವೀಡನ್ 1979ರಲ್ಲಿ ಮನೆಯೊಳಗಿನ ಹೊಡೆತವನ್ನೂ ಕಾನೂನಿನಿಂದ ನಿಷೇಧಿಸಿದ ಮೊದಲ ದೇಶ. ಅಲ್ಲಿ ಆ ಸುದ್ದಿಯನ್ನು ಹಾಲಿನ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದ್ದರು, ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಮೇಜಿಗೆ ಅದು ತಲುಪಲಿ ಎಂದು. ಈಗ 60ಕ್ಕೂ ಹೆಚ್ಚು ದೇಶಗಳು ಅದೇ ದಾರಿ ಹಿಡಿದಿವೆ.

ಮೊದಲ ವಾರ: ಬರೀ ಬರೆದಿಡಿ

ಏನನ್ನೂ ಬದಲಿಸಲು ಹೋಗಬೇಡಿ. ಏಳು ದಿನ ಒಂದು ಸಣ್ಣ ಪುಸ್ತಕದಲ್ಲಿ ಬರೆಯಿರಿ. ಹೊಡೆದದ್ದು, ಹೊಡೆಯಲು ಹೋಗಿ ತಡೆದದ್ದು, ಗಂಟಲು ಹರಿಯುವಂತೆ ಕಿರುಚಿದ್ದು, ಮೂರನ್ನೂ. ಒಂದು ದಾಖಲೆ ಹೀಗಿದ್ದರೆ ಸಾಕು:

"ಮಂಗಳವಾರ, ಸಂಜೆ 7:10. ಹೋಂವರ್ಕ್. ಕೆಲಸದಿಂದ ಬಂದು 15 ನಿಮಿಷ. ಇಬ್ಬರದ್ದೂ ಊಟ ಆಗಿರಲಿಲ್ಲ. ಐದು ಸಲ ಹೇಳಿದೆ. ಪೆನ್ಸಿಲ್ ಎಸೆದ. ಬೆನ್ನಿಗೆ ಒಂದು."

ಈ ನಾಲ್ಕು ಸಾಲಿನಲ್ಲೇ ಎಷ್ಟು ಸಿಗುತ್ತದೆ ನೋಡಿ. ಹಸಿವು ಇದೆ, ದಣಿವು ಇದೆ, ಐದು ಸಲ ಹೇಳಿದ್ದಿದೆ. ಪೆನ್ಸಿಲ್ ಎಸೆದದ್ದು ಕೊನೆಯ ಕಡ್ಡಿ ಮಾತ್ರ. ವಾರದ ಕೊನೆಗೆ ಪುಟ ತಿರುವಿದರೆ ಹೆಚ್ಚಿನ ಮನೆಗಳಲ್ಲಿ ಎರಡು ಮೂರು ಗಳಿಗೆಗಳೇ ಮತ್ತೆ ಮತ್ತೆ ಕಾಣುತ್ತವೆ: ಬೆಳಿಗ್ಗೆ ಹೊರಡುವಾಗ, ಸಂಜೆ ಓದಿಗೆ ಕೂರಿಸುವಾಗ, ರಾತ್ರಿ ಮಲಗಿಸುವಾಗ. ಇಡೀ ಜೀವನ ಬದಲಿಸುವ ಮಾತು ಬೇಡ, ಆ ಗಳಿಗೆಗಳನ್ನು ಹಿಡಿಯಿರಿ. ಮೇಲಿನ ದಾಖಲೆಯ ಮನೆಯಲ್ಲಿ ಮಾಡಬೇಕಾದದ್ದು ಊಟವನ್ನು ಓದಿಗಿಂತ ಮುಂದೆ ತರುವುದು, ಬಂದ ತಕ್ಷಣ 20 ನಿಮಿಷ ಓದಿನ ಮಾತೇ ಎತ್ತದಿರುವುದು, ಅಷ್ಟೇ.

ಬರೆಯುವಾಗ ಆಗುವ ತಪ್ಪು ಒಂದೇ: ಮಗುವಿನ ದೋಷಪಟ್ಟಿ ಬರೆಯುವುದು. "ಹಟ ಮಾಡಿದ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ಬರೆಯಿರಿ, ನಿಮ್ಮ ಮಾತನ್ನೂ ಸೇರಿಸಿ.

ಆ ಗಳಿಗೆ ಬಂದಾಗ

ಕೈ ಏಳುವ ಮೊದಲು ಮೈ ಸೂಚನೆ ಕೊಡುತ್ತದೆ. ಕೆಲವರಿಗೆ ಹಲ್ಲು ಕಚ್ಚಿ ಬರುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರು ಮಗುವನ್ನು ಪೂರ್ತಿ ಹೆಸರು ಹಿಡಿದು ಕರೆಯತೊಡಗುತ್ತಾರೆ. ನಿಮ್ಮದು ಯಾವುದೆಂದು ಆ ವಾರದಲ್ಲೇ ಗೊತ್ತಾಗಿರುತ್ತದೆ. ಅದು ಕಂಡ ತಕ್ಷಣ ಮಾಡಬೇಕಾದ್ದು ಇಷ್ಟು, ಇದೇ ಕ್ರಮದಲ್ಲಿ.

ಮಗುವಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ. ಕೈ ತಲುಪದಷ್ಟು ದೂರ ಬೇಕು, ಉಳಿದದ್ದೆಲ್ಲ ಆಮೇಲೆ. ಎರಡೂ ಅಂಗೈಯನ್ನು ಗೋಡೆಗೋ ಮೇಜಿಗೋ ಒತ್ತಿ ಹಿಡಿಯಿರಿ. ಸುಮ್ಮನೆ ಇಳಿಬಿಟ್ಟ ಕೈಗಿಂತ ಕೆಲಸ ಸಿಕ್ಕಿದ ಕೈ ಹೆಚ್ಚು ಹೊತ್ತು ತಡೆಯುತ್ತದೆ. ಒಂದು ವಾಕ್ಯ ಹೇಳಿ: "ನಂಗೆ ತುಂಬ ಕೋಪ ಬಂದಿದೆ. ಐದು ನಿಮಿಷ ಬಿಟ್ಟು ಮಾತಾಡ್ತೀನಿ." ಆಮೇಲೆ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಬಾಯಲ್ಲಿ ಆರು ಎಣಿಸುವಷ್ಟು ಹೊರಗೆ, ಹತ್ತು ಸಲ. ಒಂದೂವರೆ ನಿಮಿಷದ ಮೇಲೆ ಹಿಡಿಯುತ್ತದೆ. ಹೊರಬಿಡುವ ಉಸಿರು ಉದ್ದವಾಗಿದ್ದರೆ ಎದೆಬಡಿತ ಇಳಿಯುತ್ತದೆ, ಅದಕ್ಕೇ ಈ ಲೆಕ್ಕ.

ಇದನ್ನು ಕೋಪ ಬಂದಾಗ ಮೊದಲ ಸಲ ಮಾಡಲು ಹೊರಟರೆ ಆಗುವುದಿಲ್ಲ. ದಿನಕ್ಕೆ ಎರಡು ಸಲ, ಮನಸ್ಸು ತಣ್ಣಗಿದ್ದಾಗ, ಅದೇ ಗೋಡೆಗೆ ಅದೇ ಅಂಗೈ ಇಟ್ಟು ಮಾಡಿ ನೋಡಿ. ನಾಚಿಕೆಯಾಗಬಹುದು, ಆದರೂ ಮಾಡಿ. ಇನ್ನೊಂದು: ಐದು ನಿಮಿಷ ಎಂದರೆ ಐದೇ ನಿಮಿಷಕ್ಕೆ ಮರಳಿ ಬನ್ನಿ. ಬರದೆ ಹೋದರೆ ಆ ಬಿಡುವು ಮಗುವಿಗೆ ಮೌನದ ಶಿಕ್ಷೆಯಾಗುತ್ತದೆ. ದಿನಗಟ್ಟಲೆ ಮಾತು ಬಿಡುವುದು ಹೊಡೆತದಷ್ಟೇ ಆಳಕ್ಕೆ ಇಳಿಯುತ್ತದೆ.

ಹಸುಗೂಸು ಇದ್ದರೆ ಇದನ್ನು ಮೊದಲು ಓದಿ

ಕೂಸಿನ ಅಳು ಎರಡನೆಯ ವಾರದ ಸುಮಾರಿಗೆ ಹೆಚ್ಚತೊಡಗಿ, ಎರಡನೆಯ ತಿಂಗಳಲ್ಲಿ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆರೋಗ್ಯವಾಗಿರುವ ಕೂಸೂ ಆ ದಿನಗಳಲ್ಲಿ ದಿನಕ್ಕೆ ಹಲವು ಗಂಟೆ, ಯಾವ ಕಾರಣವೂ ಇಲ್ಲದೆ, ಎತ್ತಿಕೊಂಡರೂ ನಿಲ್ಲದೆ ಅಳಬಹುದು. ಅದು ನಿಮ್ಮ ಕೊರತೆಯಲ್ಲ, ಕೂಸಿನ ಹಟವೂ ಅಲ್ಲ.

ಕೂಸನ್ನು ಎಂದೂ, ಒಂದು ಕ್ಷಣಕ್ಕೂ, ಹಿಡಿದು ಅಲುಗಾಡಿಸಬೇಡಿ. ಅದರ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತು ಎಳಸು. ಅಲುಗಾಡಿಸಿದಾಗ ಮಿದುಳು ತಲೆಬುರುಡೆಯೊಳಗೆ ಹಿಂದೆ ಮುಂದೆ ಹೊಯ್ದಾಡಿ ರಕ್ತನಾಳಗಳು ಹರಿಯುತ್ತವೆ, ಕಣ್ಣಿನ ಹಿಂಬದಿಯಲ್ಲೂ ರಕ್ತಸ್ರಾವವಾಗುತ್ತದೆ. ಹೊರಗೆ ಒಂದು ಗುರುತೂ ಇಲ್ಲದೆ ಕೂಸು ಕುರುಡಾಗಬಹುದು, ಸಾಯಲೂಬಹುದು. ಸಹನೆ ಮುಗಿಯಿತು ಅನಿಸಿದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹತ್ತಿರ ದಿಂಬು, ಬಟ್ಟೆ ಯಾವುದೂ ಇಲ್ಲದಂತೆ ನೋಡಿ, ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ಐದರಿಂದ ಹತ್ತು ನಿಮಿಷ ಕಳೆದು ಹೋಗಿ ನೋಡಿ. ಆ ಹತ್ತು ನಿಮಿಷ ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ. ಜ್ವರ, ವಾಂತಿ, ಹಾಲು ಕುಡಿಯದಿರುವುದು, ಅಳುವಿನ ದನಿಯೇ ಬದಲಾಗಿರುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ. ಯಾರಾದರೂ ಅಲುಗಾಡಿಸಿದ್ದೇ ಆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ದು ಅದನ್ನು ಹಾಗೇ ಹೇಳಿ. ಬಿದ್ದಿತು ಎಂದು ಸುಳ್ಳು ಹೇಳಿದರೆ ವೈದ್ಯರು ಹುಡುಕಬೇಕಾದ್ದನ್ನು ಹುಡುಕುವುದು ತಡವಾಗುತ್ತದೆ.

ಹೊಡೆಯದಿದ್ದರೆ ಮಾತು ಕೇಳಿಸುವುದು ಹೇಗೆ

ಇಲ್ಲೇ ಹೆಚ್ಚಿನವರು ಸೋಲುವುದು. ಕೈ ಕಟ್ಟಿದ ಮೇಲೆ ಅದರ ಜಾಗಕ್ಕೆ ಏನನ್ನೂ ತರದೆ, ಎರಡು ವಾರ ಮಗುವಿನ ಹಿಂದೆ ಗೋಗರೆದು, "ನಿಂಗೆ ಏಟೇ ಸರಿ" ಎಂದು ಹಳೆಯ ದಾರಿಗೆ ಮರಳುತ್ತಾರೆ.

ಹೇಳುವ ರೀತಿಯಿಂದ ಶುರು ಮಾಡಿ. ಅಡುಗೆಮನೆಯಿಂದ ಕೂಗಿ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ. ಹತ್ತಿರ ಹೋಗಿ, ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ, ಹೆಸರು ಹೇಳಿ, ಅದು ನಿಮ್ಮ ಕಡೆ ನೋಡಿದ ಮೇಲೆ ಒಂದೇ ಕೆಲಸ ಹೇಳಿ. "ಎಷ್ಟು ಸಲ ಹೇಳೋದು, ಯಾವಾಗ ಬುದ್ಧಿ ಬರತ್ತೆ, ಎಲ್ಲಾ ಹರಡಿದೀಯ" ಎಂಬುದರಲ್ಲಿ ಮಾಡಬೇಕಾದ ಕೆಲಸವೇ ಇಲ್ಲ. "ಪುಟ್ಟಾ, ಪುಸ್ತಕ ಎಲ್ಲಾ ಬ್ಯಾಗಿಗೆ ಹಾಕು" ಎಂಬುದರಲ್ಲಿ ಇದೆ. "ಓಡಬೇಡ" ಎನ್ನುವುದಕ್ಕಿಂತ "ನನ್ನ ಕೈ ಹಿಡ್ಕೊಂಡು ನಡಿ" ಎಂದರೆ ಚಿಕ್ಕ ಮಗುವಿಗೆ ಅರ್ಥವಾಗುತ್ತದೆ. ಹೇಳಿದ ಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಐದು ಎಣಿಸಿ. ಈ ಐದು ಎಣಿಕೆ ಕಷ್ಟ, ನಾಲಿಗೆ ತುರಿಸುತ್ತದೆ. ಎಣಿಸುವ ಮೊದಲೇ ಎರಡನೆಯ ಸಲ ಹೇಳಿದರೆ ಮೊದಲನೆಯದಕ್ಕೆ ಬೆಲೆ ಇಲ್ಲ ಎಂದು ನೀವೇ ಕಲಿಸಿದಂತೆ. ಏಳು ಸಲ ಹೇಳಿ ಎಂಟನೆಯ ಸಲಕ್ಕೆ ಹೊಡೆಯುವ ಮನೆಯಲ್ಲಿ ಮಗು ಏಳರವರೆಗೆ ಆರಾಮಾಗಿ ಕಾಯುತ್ತದೆ.

ಮಾಡಿದರೆ ಆ ಕ್ಷಣವೇ ಹೇಳಿ: "ಹೇಳಿದ ತಕ್ಷಣ ಎತ್ತಿಟ್ಟೆ, ಖುಷಿಯಾಯ್ತು." ಬರೀ "ಗುಡ್" ಸಾಲದು, ಏನು ಮಾಡಿದ್ದಕ್ಕೆ ಎಂದು ಸೇರಿಸಿ. ಮಾಡದಿದ್ದರೆ ಒಂದೇ ಒಂದು ಎಚ್ಚರಿಕೆ: "ಪುಸ್ತಕ ಎತ್ತಿಡದಿದ್ರೆ ಇವತ್ತು ಟಿವಿ ಇಲ್ಲ." ಆಮೇಲೆ ಹೇಳಿದ್ದನ್ನು ಮಾಡಿ. ಪರಿಣಾಮ ಸಣ್ಣದಿರಲಿ, ಅಂದೇ ಆಗಲಿ, ಪ್ರತಿ ಸಲ ಒಂದೇ ಆಗಿರಲಿ. "ಒಂದು ತಿಂಗಳು ಮೊಬೈಲ್ ಮುಟ್ಟಂಗಿಲ್ಲ" ಎಂಬುದು ಕೋಪದ ಮಾತು, ಮೂರನೆಯ ದಿನಕ್ಕೆ ನೀವೇ ಸಡಿಲಿಸುತ್ತೀರಿ, ಮಗು ಅದನ್ನು ಗಮನಿಸುತ್ತದೆ. ಊಟ, ನಿದ್ದೆ, ಶೌಚ, ಶಾಲೆ, ಅಪ್ಪ ಅಮ್ಮನ ಪ್ರೀತಿ, ಇವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬಾರದು.

ಮೂರರಿಂದ ಆರು ವರ್ಷದ ಮಗು ಇನ್ನೊಬ್ಬರನ್ನು ಹೊಡೆದಾಗ, ಕಚ್ಚಿದಾಗ ಆಟದಿಂದ ಸ್ವಲ್ಪ ಹೊತ್ತು ದೂರ ಕೂರಿಸಬಹುದು. ಮೂರು ನಾಲ್ಕು ನಿಮಿಷ ಸಾಕು. ಅದೇ ಕೋಣೆಯಲ್ಲಿ, ನಿಮ್ಮ ಕಣ್ಣೆದುರಿಗೆ. ಕತ್ತಲೆ ಕೋಣೆ, ಚಿಲಕ ಹಾಕಿದ ಬಚ್ಚಲು, ಇವು ಶಿಸ್ತಲ್ಲ, ಹಿಂಸೆ. ಎರಡು ವರ್ಷದ ಕೆಳಗಿನ ಮಗುವಿಗೆ ಇದೂ ಬೇಡ, ಎತ್ತಿಕೊಂಡು ಜಾಗ ಬದಲಿಸಿದರೆ ಮುಗಿಯಿತು.

ಇವೆಲ್ಲಕ್ಕೂ ನೆಲಗಟ್ಟು ಇನ್ನೊಂದಿದೆ. ದಿನಕ್ಕೆ ಹತ್ತು ಹದಿನೈದು ನಿಮಿಷ, ಫೋನ್ ಬೇರೆ ಕೋಣೆಯಲ್ಲಿಟ್ಟು, ಮಗು ಹೇಳಿದ ಆಟವನ್ನು ಮಗು ಹೇಳಿದಂತೆ ಆಡಿ. ಕಲಿಸಬೇಡಿ, ತಿದ್ದಬೇಡಿ, ಪ್ರಶ್ನೆ ಕೇಳಬೇಡಿ. ಅಂದು ಎಷ್ಟೇ ರಂಪ ಮಾಡಿದ್ದರೂ ಈ ಹೊತ್ತನ್ನು ತಪ್ಪಿಸಬೇಡಿ. ಒಳ್ಳೆಯ ರೀತಿಯಲ್ಲಿ ಗಮನ ಸಿಗುವ ಮಗುವಿಗೆ ಕೆಟ್ಟ ರೀತಿಯಲ್ಲಿ ಅದನ್ನು ಸೆಳೆಯಬೇಕಾದ ಅಗತ್ಯ ಕಡಿಮೆ. ಶುರು ಮಾಡಿದ ಮೊದಲ ದಿನಗಳಲ್ಲಿ ಹಟ ಹೆಚ್ಚಾಗಬಹುದು. ಹಳೆಯ ದಾರಿ ಮುಚ್ಚಿದೆಯೇ ಎಂದು ಮಗು ತಳ್ಳಿ ನೋಡುತ್ತದೆ. ಎಷ್ಟೋ ಜನ ಕೈಚೆಲ್ಲುವುದು ಆ ವಾರದಲ್ಲೇ.

ಶಿಕ್ಷೆಯೇ ಸಲ್ಲದ ಸಂಗತಿಗಳು

ಅತಿ ಭೀಕರ ಗಾಯಗಳು ಆಗುವುದು ಅಳು ನಿಲ್ಲದಾಗ ಮತ್ತು ಶೌಚದ ವಿಷಯದಲ್ಲಿ ಎಂಬುದು ಮಕ್ಕಳ ವೈದ್ಯರಿಗೆ ಚೆನ್ನಾಗಿ ಗೊತ್ತು. ಐದು ವರ್ಷದಲ್ಲಿ ಸುಮಾರು ಆರೇಳು ಮಕ್ಕಳಿಗೆ ಒಬ್ಬರು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ನಿದ್ದೆಯಲ್ಲಿರುವ ಮಗು ಅದನ್ನು ಬೇಕೆಂದು ಮಾಡುವುದಿಲ್ಲ, ಹೊಡೆದರೆ ನಿಲ್ಲುವುದೂ ಇಲ್ಲ. ಹಾಸಿಗೆ ಒದ್ದೆ ಮಾಡುವುದು ಒಮ್ಮೆ ನಿಂತು ಮತ್ತೆ ಶುರುವಾದರೆ ಮನೆಯಲ್ಲೋ ಶಾಲೆಯಲ್ಲೋ ಏನಾದರೂ ಆಗಿದೆಯೇ ಎಂದು ನೋಡಬೇಕು, ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಇದೆಯೇ ಎಂದೂ ವೈದ್ಯರಲ್ಲಿ ಪರೀಕ್ಷೆ ಮಾಡಿಸಬೇಕು. ಎರಡು ವರ್ಷದ ಮಗು ಆಟಿಕೆ ಹಂಚಿಕೊಳ್ಳದಿರುವುದು, ಮೂರು ವರ್ಷದ ಮಗು ಲೋಟ ಬೀಳಿಸುವುದು, ಭಯಪಡುವುದು, ಕಡಿಮೆ ಅಂಕ ಬರುವುದು, ಇವು ಯಾವುವೂ ಅಪರಾಧಗಳಲ್ಲ.

ಬಾಯಿಂದ ಬೀಳುವ ಏಟು

ಹೊಡೆತ ನಿಲ್ಲಿಸಿ ನಾಲಿಗೆಗೆ ಹರಿತ ಕೊಟ್ಟ ಮನೆಗಳುಂಟು. "ನೀನು ಹುಟ್ಟಲೇಬಾರದಿತ್ತು", "ಅಕ್ಕನ ಕಾಲ ಧೂಳಿಗೂ ಸಮ ಇಲ್ಲ", "ಬಿಟ್ಟು ಹೋಗ್ತೀನಿ ನೋಡು". ಮೂರನೆಯದನ್ನು ಚಿಕ್ಕ ಮಗು ಅಕ್ಷರಶಃ ನಂಬುತ್ತದೆ. ಬೈಗುಳ ಬಾಯಿಗೆ ಬಂದಾಗ ಒಂದು ಅಳತೆ ಇಟ್ಟುಕೊಳ್ಳಿ: ಮಾಡಿದ ಕೆಲಸದ ಬಗ್ಗೆ ಹೇಳಬಹುದು, ಮಗುವಿನ ಬಗ್ಗೆ ಹೇಳಬಾರದು. "ಸುಳ್ಳು ಹೇಳಿದೆ" ಎನ್ನಬಹುದು, "ಸುಳ್ಳ" ಎನ್ನಬಾರದು.

ಮತ್ತೆ ಕೈ ಮಾಡಿಬಿಟ್ಟರೆ

ಅಂದೇ, ಮಲಗುವ ಮೊದಲು ಸರಿಪಡಿಸಿ. ಮಗುವಿನ ಪಕ್ಕ ಕೂತು, "ನಿನ್ನ ಹೊಡೆದೆ. ಅದು ನನ್ನ ತಪ್ಪು. ನಿಂಗೆ ನೋವಾಯ್ತು, ಭಯ ಆಯ್ತು. ಕೋಪ ಬಂದ್ರೂ ಹೊಡೀಬಾರದು, ನಾನು ಕಲೀತಾ ಇದೀನಿ" ಎನ್ನಿ. ಇಲ್ಲಿಗೆ ನಿಲ್ಲಿಸಿ. "ಆದ್ರೆ ನೀನೂ ಹಾಗೆ ಮಾಡಬಾರದಿತ್ತು" ಎಂದು ಬಾಲ ಸೇರಿಸಿದರೆ ಹೇಳಿದ್ದೆಲ್ಲ ಅಳಿಸಿ ಹೋಗುತ್ತದೆ. ಅದರ ತಪ್ಪಿನ ಮಾತು ಮರುದಿನಕ್ಕಿರಲಿ. ಕೂಡಲೇ ಕ್ಷಮಿಸು ಎಂದು ಒತ್ತಾಯಿಸಬೇಡಿ, ಅತ್ತು ಅದರ ಕೈಯಿಂದ ಸಮಾಧಾನ ಪಡೆಯಬೇಡಿ, ತಿಂಡಿ ಆಟಿಕೆ ಕೊಟ್ಟು ತೀರಿಸಬೇಡಿ. ಆಮೇಲೆ ಪುಸ್ತಕದಲ್ಲಿ ಬರೆದಿಡಿ.

ವಾರಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚಾಗಿ ಹೀಗಾಗುತ್ತಿದ್ದರೆ, ಹೊಡೆಯತೊಡಗಿದ ಮೇಲೆ ನಿಲ್ಲಿಸಲಾಗದಿದ್ದರೆ, ಕುಡಿತವೋ ಹೆರಿಗೆಯ ನಂತರದ ಖಿನ್ನತೆಯೋ ಜೊತೆಗಿದ್ದರೆ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಅಲ್ಲಿ "ನನಗೆ ಕೋಪ ಜಾಸ್ತಿ" ಎಂದು ಸುತ್ತಿ ಬಳಸಿ ಹೇಳಬೇಡಿ. "ಮಗುವನ್ನು ಹೊಡೀತೀನಿ, ನಿಲ್ಲಿಸೋಕೆ ಆಗ್ತಿಲ್ಲ" ಎಂದೇ ಹೇಳಿ.

ಹೊಡೆಯುವವರು ಮನೆಯ ಇನ್ನೊಬ್ಬರಾದರೆ

ಹೊಡೆಯುತ್ತಿರುವಾಗ ಉಪದೇಶ ಬೇಡ, ಬೆಂಕಿಗೆ ತುಪ್ಪ ಸುರಿದಂತೆ. ತಣ್ಣಗಿದ್ದಾಗಲೇ ಇಬ್ಬರೂ ಒಪ್ಪಿ ಒಂದು ವಾಕ್ಯ ಇಟ್ಟುಕೊಳ್ಳಿ: "ರೀ, ಇದನ್ನ ನಾನು ನೋಡ್ಕೋತೀನಿ." ಯಾರು ಅದನ್ನು ಹೇಳಿದರೂ ಇನ್ನೊಬ್ಬರು ಮರುಮಾತಿಲ್ಲದೆ ಕೋಣೆಯಿಂದ ಹೊರಗೆ ಹೋಗಬೇಕು. "ಅಪ್ಪ ಬರ್ಲಿ, ಹೇಳ್ತೀನಿ" ಎನ್ನುವುದನ್ನೂ ನಿಲ್ಲಿಸಿ. ದಿನವಿಡೀ ಕಾಯುವ ಭಯವೇ ದೊಡ್ಡ ಶಿಕ್ಷೆ, ಅಪ್ಪನೂ ಬಾಗಿಲಲ್ಲೇ ಪೊಲೀಸನಾಗುತ್ತಾನೆ.

ಆದರೆ ಅದೇ ಕೈ ನಿಮ್ಮ ಮೇಲೂ ಏಳುತ್ತಿದ್ದರೆ ಈ ವಾಕ್ಯ ನಡೆಯುವುದಿಲ್ಲ. ಅಲ್ಲಿ ಮೊದಲು ಬೇಕಾದ್ದು ಮಕ್ಕಳೊಂದಿಗೆ ಹೋಗಿ ಇರಬಹುದಾದ ಒಂದು ಮನೆ, ಕೈಗೆ ಸಿಗುವಂತೆ ಕಾಗದಪತ್ರ, ಸ್ವಲ್ಪ ಹಣ, ಸಹಾಯವಾಣಿಯ ಸಂಖ್ಯೆ.

ಗುರುತುಗಳನ್ನು ಓದುವುದು

ನೆರೆಯವರು, ಬಂಧುಗಳು, ಶಿಕ್ಷಕರು ಇದನ್ನು ತಿಳಿದಿರಬೇಕು. ಓಡಾಡುವ ಮಗುವಿಗೆ ಮೊಣಕಾಲು, ಕಣಕಾಲು, ಹಣೆ, ಇಂಥ ಮೂಳೆ ಎದ್ದ ಕಡೆ ನೀಲಿಗಟ್ಟುವುದು ಸಹಜ. ನಾಲ್ಕು ವರ್ಷದ ಕೆಳಗಿನ ಮಗುವಿಗೆ ಎದೆ, ಹೊಟ್ಟೆ, ಬೆನ್ನು, ಕಿವಿ, ಕತ್ತಿನಲ್ಲಿ ಗುರುತಿದ್ದರೆ ಅನುಮಾನಪಡಬೇಕು. ಇನ್ನೂ ಮಗುಚಿಕೊಳ್ಳದ ಕೂಸಿನ ಮೈಮೇಲೆ ಎಲ್ಲೇ ನೀಲಿ ಕಂಡರೂ ಅಂದೇ ವೈದ್ಯರು ನೋಡಬೇಕು. ಮಡಚಿದ ವೈರಿನ, ಬೆಲ್ಟಿನ ಆಕಾರದ ಬಾಸುಂಡೆ, ಬೆರಳುಗಳ ಅಚ್ಚು, ಕಾಲುಚೀಲ ತೊಟ್ಟಂತೆ ಗೆರೆ ಕೊರೆದ ಸುಟ್ಟಗಾಯ, ಕೂಸಿನ ಮೇಲ್ತುಟಿಯನ್ನು ವಸಡಿಗೆ ಹಿಡಿದ ಪೊರೆ ಹರಿದಿರುವುದು, ಇವು ಸಾಮಾನ್ಯವಾಗಿ ಬಿದ್ದು ಆಗುವಂಥವಲ್ಲ. ಹೇಳುವ ಕಾರಣ ಗಾಯಕ್ಕೆ ಹೊಂದದಿರುವುದು, ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುವುದು, ವೈದ್ಯರಿಗೆ ತಡವಾಗಿ ತೋರಿಸುವುದು, ಇವೂ ಗುರುತುಗಳೇ.

ಎರಡು ಎಚ್ಚರ ಬೇಕು. ಹುಟ್ಟಿನಿಂದಲೇ ಕೆಲವು ಕೂಸುಗಳ ಸೊಂಟ, ಕುಂಡೆಯ ಮೇಲೆ ಬೂದುನೀಲಿ ಮಚ್ಚೆ ಇರುತ್ತದೆ. ಮುಟ್ಟಿದರೆ ನೋಯುವುದಿಲ್ಲ, ದಿನದಿಂದ ದಿನಕ್ಕೆ ಬಣ್ಣ ಬದಲಾಗುವುದಿಲ್ಲ. ಅದು ಏಟಿನ ಗುರುತಲ್ಲ. ಇನ್ನು, ನೀಲಿಯ ಬಣ್ಣ ನೋಡಿ ಎಷ್ಟು ದಿನದ ಪೆಟ್ಟು ಎಂದು ನಿಖರವಾಗಿ ಹೇಳಲು ಬರುವುದಿಲ್ಲ, ಆ ಲೆಕ್ಕಕ್ಕೆ ಕೈ ಹಾಕಬೇಡಿ.

ಮಗುವೇ ಬಂದು ಹೇಳಿದರೆ

ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಕೇಳಿ. ಮುಖದಲ್ಲಿ ಗಾಬರಿ ಕಂಡರೆ ಮಗು ಮಾತು ನುಂಗಿಕೊಳ್ಳುತ್ತದೆ. "ಆಮೇಲೆ ಏನಾಯ್ತು?" ಎಂದಷ್ಟೇ ಕೇಳಬಹುದು. "ಅಪ್ಪ ಬೆಲ್ಟಲ್ಲಿ ಹೊಡೆದ್ರಾ?" ಎಂದು ಉತ್ತರವನ್ನು ಬಾಯಿಗಿಟ್ಟು ಕೇಳಬೇಡಿ, ಮುಂದೆ ವಿಚಾರಣೆಯಲ್ಲಿ ಮಗುವಿನ ಮಾತಿನ ತೂಕ ಅದರಿಂದ ಇಳಿಯುತ್ತದೆ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ಹೇಳಿದ್ದು ಒಳ್ಳೇದಾಯ್ತು. ಇದು ನಿನ್ನ ತಪ್ಪಲ್ಲ. ನಿನ್ನ ಕಾಪಾಡೋರಿಗೆ ಮಾತ್ರ ನಾನು ಇದನ್ನ ಹೇಳ್ಬೇಕಾಗತ್ತೆ" ಎನ್ನಿ. ಬಟ್ಟೆ ಬಿಚ್ಚಿಸಿ ನೋಡುವುದು, ಇನ್ನೊಬ್ಬರನ್ನು ಕರೆದು ಮತ್ತೆ ಹೇಳಿಸುವುದು ಬೇಡ.

ಮಗು ಅತ್ತ ಹೋದ ತಕ್ಷಣ ಬರೆದಿಡಿ: ದಿನಾಂಕ, ಗಂಟೆ, ಎಲ್ಲಿ, ಮಗು ಆಡಿದ ಮಾತು ಅದರದೇ ಪದಗಳಲ್ಲಿ, ನೀವು ಕೇಳಿದ ಪ್ರಶ್ನೆ, ಕಂಡ ಗುರುತು ಯಾವ ಕಡೆ, ಎಷ್ಟು ದೊಡ್ಡದು. ನಿಮ್ಮ ಊಹೆ ಅದರಲ್ಲಿ ಸೇರದಿರಲಿ. ಅಂದೇ ಮಕ್ಕಳ ಸಹಾಯವಾಣಿಗೋ ಮಕ್ಕಳ ರಕ್ಷಣೆಯ ಅಧಿಕಾರಿಗೋ ತಿಳಿಸಿ. ಜೀವಕ್ಕೆ ಅಪಾಯ ಕಂಡರೆ ಪೊಲೀಸರಿಗೆ ಕರೆ ಮಾಡಿ. ಸಾಕ್ಷಿ ಪೂರ್ತಿಯಾಗಲಿ ಎಂದು ಕಾಯಬೇಕಿಲ್ಲ, ಅನುಮಾನ ತಿಳಿಸುವುದು ನಿಮ್ಮ ಕೆಲಸ, ತನಿಖೆ ಅವರದು. ಮನೆಯವರನ್ನು ನೀವೇ ಹೋಗಿ ತರಾಟೆಗೆ ತೆಗೆದುಕೊಂಡರೆ ಆ ರಾತ್ರಿ ಏಟು ತಿನ್ನುವುದು ಮಗು. ಮರುದಿನ ಮಗು ಎದುರಾದಾಗ ಎಂದಿನಂತೆಯೇ ಮಾತಾಡಿಸಿ. ಆ ವಿಷಯವನ್ನು ನೀವಾಗಿ ಎತ್ತಬೇಡಿ, ಅದು ತಾನಾಗಿ ಎತ್ತಿದರೆ ಮತ್ತೆ ಕೆಲಸ ಕೆಳಗಿಟ್ಟು ಕೇಳಿ.